ಅಜ್ಜನ ಚಳಿಜ್ವರದ ಕಷಾಯ: ಇದನ್ನು ಪರೀಕ್ಷೆ ಮಾಡಿಸುವುದು ಹೇಗೆ?

ಸಿದ್ಧರಬೆಟ್ಟದ ಮೊಮ್ಮಗ
ಎಲ್ಲರಿಗೂ ನಮಸ್ಕಾರ. ನಮ್ಮದು ಕೊರಟಗೆರೆ ತಾಲ್ಲೂಕು, ಸಿದ್ಧರಬೆಟ್ಟದ ಬುಡದ ಒಂದು ಹಳ್ಳಿ. ನಮ್ಮಜ್ಜ ನಾಟಿ ವೈದ್ಯರಾಗಿದ್ದರು. ಅವರು ತೀರಿಕೊಂಡು 20 ವರ್ಷದ ಮೇಲಾಯಿತು. ಹೋದ ತಿಂಗಳು ಹಳೇ ಮನೆ ಕೀಳಿಸುವಾಗ ಅಟ್ಟದ ಮೇಲೆ ಅವರ ನೋಟ್‌ಬುಕ್ ಸಿಕ್ಕಿತು. 1974ರಿಂದ 1981ರವರೆಗೆ ಬರೆದಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಪುಟಗಳಲ್ಲಿ ಇರುವುದು ಚಳಿಜ್ವರದ ವಿಷಯವೇ. ಯಾರು ಬಂದರು, ಯಾವ ಊರು, ಎಷ್ಟು ದಿನ ಕಷಾಯ ಕೊಟ್ಟೆ, ಜ್ವರ ಯಾವಾಗ ಬಿಟ್ಟಿತು, ಎಲ್ಲ ಇದೆ.

ಕಷಾಯಕ್ಕೆ ಹಾಕುತ್ತಿದ್ದದ್ದು ನೆಲಬೇವು, ಅಮೃತಬಳ್ಳಿ, ಹಾಲೆ ತೊಗಟೆ, ಗಜ್ಜುಗದ ಬೀಜ, ಕಾಳುಮೆಣಸು, ಈಶ್ವರಿ ಬೇರು. ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ನೆಲಬೇವನ್ನು ಮಾತ್ರ ಕುದಿಸಬಾರದು, ರಾತ್ರಿ ತಣ್ಣೀರಲ್ಲಿ ನೆನೆಸಿ ಬೆಳಿಗ್ಗೆ ಹಿಂಡಬೇಕು ಅಂತ.

ನನಗೆ ಇದನ್ನು ಮಾರುವ ಆಸೆ ಇಲ್ಲ. ಅಜ್ಜ ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಇದರಲ್ಲಿ ನಿಜವಾಗಲೂ ಗುಣ ಇದೆಯಾ ಅಂತ ತಿಳಿಯಬೇಕು. ಎಲ್ಲಿಗೆ ಹೋಗಬೇಕು? ಏನು ಕೇಳಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಬಾಗೇಪಲ್ಲಿ ಹುಡುಗ
ಅಣ್ಣಾ, ಅಳತೆ ಸಮೇತ ಹಾಕ್ತೀರಾ? ನಮ್ಮಪ್ಪ ಮಂಗಳೂರಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಬಂದು ಹತ್ತು ದಿನ ಆಯಿತು. ದಿನ ಬಿಟ್ಟು ದಿನ ಮಧ್ಯಾಹ್ನದ ಹೊತ್ತಿಗೆ ಗಡಗಡ ನಡುಗಿ ಜ್ವರ ಬರುತ್ತಿದೆ. ಬೆವರು ಬಂದು ಬಿಡುತ್ತದೆ. ಮಾರನೇ ದಿನ ಚೆನ್ನಾಗೇ ಇರುತ್ತಾರೆ. ಜ್ವರದ ಮಾತ್ರೆ ಕೊಟ್ಟಿದ್ದೇವೆ ಅಷ್ಟೇ.

ಗೌರಿಬಿದನೂರು ಆಶಾ
ತಮ್ಮಾ, ಕಷಾಯದ ಮಾತು ಆಮೇಲೆ. ಅಪ್ಪನನ್ನು ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗು. ನೀನು ಬರೆದಿರುವುದು ಮಲೇರಿಯಾದ ಲಕ್ಷಣವೇ. ಬೆರಳಿಂದ ಒಂದು ಹನಿ ರಕ್ತ ತೆಗೆಯುತ್ತಾರೆ. ಕಿಟ್‌ನಲ್ಲಿ 15-20 ನಿಮಿಷಕ್ಕೆ ಗೊತ್ತಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿನ ಸ್ಲೈಡ್ ಮೇಲೆ ರಕ್ತ ಸವರಿ ಸ್ಮಿಯರ್ ಕೂಡ ತೆಗೆದುಕೊಳ್ಳುತ್ತಾರೆ. ಪರೀಕ್ಷೆ, ಮಾತ್ರೆ ಎರಡಕ್ಕೂ ದುಡ್ಡಿಲ್ಲ. ಮಂಗಳೂರಿಂದ ಬಂದವರು ಅಂತ ಮರೆಯದೆ ಹೇಳು. ರಾಜ್ಯದಲ್ಲಿ ಮಲೇರಿಯಾ ಜಾಸ್ತಿ ಕಂಡಿರುವುದು ಮಂಗಳೂರು, ಉಡುಪಿ ಕಡೆಯೇ.

ಮಾತು ತಡವರಿಸಿದರೆ, ಮಂಪರು ಬಂದರೆ, ಮೂತ್ರ ಕಡಿಮೆಯಾದರೆ ಅಥವಾ ಕಪ್ಪಾದರೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಕಾಯಬೇಡಿ.

ತಿಪಟೂರಿನವಳು
ಮೇಲಿನ ಅಕ್ಕ ಹೇಳಿದ್ದೇ ಮೊದಲು ಆಗಬೇಕು. ಇನ್ನು ನೋಟ್‌ಬುಕ್ ವಿಷಯ.

ನಾನು ನಾಲ್ಕು ವರ್ಷ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಇದೇ ಕೆಲಸ ಮಾಡಿದ್ದೇನೆ. ಗಿಡದ ಸಾರ ತೆಗೆದು ಮಲೇರಿಯಾ ಪರಾವಲಂಬಿಯ ಮೇಲೆ ಹಾಕಿ ನೋಡುವ ಕೆಲಸ. ನಿಮ್ಮ ಪೋಸ್ಟ್ ಓದಿದಾಗ ಆ ಎರಡು ಗೆರೆ ಎಳೆದ ಸಾಲಿನ ಹತ್ತಿರ ನಿಂತುಬಿಟ್ಟೆ. ಯಾಕೆ ಅಂತ ಹೇಳುತ್ತೇನೆ.

ಚೀನಾದಲ್ಲಿ 1967ರಲ್ಲಿ ಮಲೇರಿಯಾಗೆ ಮದ್ದು ಹುಡುಕುವ ಒಂದು ಗುಟ್ಟಿನ ಯೋಜನೆ ಶುರುವಾಯಿತು. ಅದರಲ್ಲಿ ಟು ಯುಯು ಅನ್ನುವ ವಿಜ್ಞಾನಿ ಇದ್ದರು. ಅವರ ತಂಡ ಹಳೇ ವೈದ್ಯರ ಬರಹಗಳಿಂದ 2000ದಷ್ಟು ಮದ್ದು ಮಾಡುವ ವಿಧಾನಗಳನ್ನು ಕಲೆಹಾಕಿತು. ಸುಮಾರು 200 ಗಿಡಗಳಿಂದ 380ಕ್ಕೂ ಹೆಚ್ಚು ಸಾರ ತೆಗೆದು ಇಲಿಗಳಲ್ಲಿ ನೋಡಿತು. ಆರ್ಟೆಮಿಸಿಯಾ ಅನ್ನುವ ಒಂದು ಗಿಡ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಮಾಡುತ್ತಿರಲಿಲ್ಲ. ಆಗ ಅವರು 4ನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ ಬರೆದ ಸಾಲನ್ನು ಮತ್ತೆ ಓದಿದರು. ಒಂದು ಹಿಡಿ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಿರಿ ಅಂತ ಇತ್ತು. ಕುದಿಸಿ ಅಂತ ಇರಲಿಲ್ಲ! ಬಿಸಿಗೆ ಮದ್ದು ಹಾಳಾಗುತ್ತಿರಬಹುದು ಅಂತ ಅವರಿಗೆ ಹೊಳೆಯಿತು. ಕಡಿಮೆ ಬಿಸಿಯಲ್ಲಿ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೇ ಮಾದರಿ ಇಲಿಗಳ ರಕ್ತದಿಂದ ಪರಾವಲಂಬಿಯನ್ನು ಪೂರ್ತಿ ಓಡಿಸಿತು. ಅದರೊಳಗಿದ್ದ ಮದ್ದೇ ಆರ್ಟೆಮಿಸಿನಿನ್. ಮುಂದಿನ ವರ್ಷ ಅವರೂ ಜೊತೆಯವರೂ ಮೊದಲು ತಾವೇ ಕುಡಿದು ನೋಡಿದರು. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಾಗಿ ನಿಮ್ಮ ಅಜ್ಜನ ಪುಸ್ತಕದಲ್ಲಿ ಗಿಡಗಳ ಹೆಸರಿಗಿಂತ ಬೆಲೆಬಾಳುವುದು ಮಾಡುವ ಬಗೆ. ಯಾವ ಭಾಗ, ಯಾವ ಕಾಲದಲ್ಲಿ ಕಿತ್ತದ್ದು, ಹಸಿಯೋ ಒಣಗಿದ್ದೋ, ನೆನೆಸಿದ್ದೋ ಕುದಿಸಿದ್ದೋ. ನಾವು ಲ್ಯಾಬ್‌ನಲ್ಲಿ ಮಾಡುವ ದೊಡ್ಡ ತಪ್ಪು ಇದೇ. ಎಲೆಯನ್ನು ಮೆಥನಾಲ್‌ನಲ್ಲಿ ಹಾಕಿ ಸಾರ ತೆಗೆದು "ಗುಣ ಇಲ್ಲ" ಅಂತ ಬರೆದುಬಿಡುತ್ತೇವೆ. ಅಜ್ಜ ಮೆಥನಾಲ್ ಬಳಸಿರಲಿಲ್ಲ ಅಲ್ವಾ?

ಪರೀಕ್ಷೆ ನಡೆಯುವುದು ಹೀಗೆ. ಮೊದಲು ತಟ್ಟೆಯಲ್ಲಿ. ಮನುಷ್ಯರ ಕೆಂಪು ರಕ್ತಕಣದಲ್ಲಿ ಫಾಲ್ಸಿಪಾರಮ್ ಅನ್ನುವ ಜಾತಿಯ ಮಲೇರಿಯಾ ಪರಾವಲಂಬಿಯನ್ನು ಬೆಳೆಸುತ್ತೇವೆ. 1976ರಿಂದ ಇದು ಸಾಧ್ಯವಾಗಿದೆ. ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ, ಅರ್ಧದಷ್ಟು ಬೆಳವಣಿಗೆ ನಿಲ್ಲಿಸಲು ಎಷ್ಟು ಬೇಕು ಅಂತ ನೋಡುತ್ತೇವೆ. ಒಂದು ಮಿಲಿಲೀಟರ್‌ಗೆ 5 ಮೈಕ್ರೋಗ್ರಾಂ ಒಳಗೆ ಬಂದರೆ ಖುಷಿ. 50 ದಾಟಿದರೆ ಕೈಬಿಡುತ್ತೇವೆ. ಆರ್ಟೆಮಿಸಿನಿನ್ ಕೆಲವೇ ನ್ಯಾನೋಗ್ರಾಂನಲ್ಲಿ (ಮೈಕ್ರೋಗ್ರಾಂನ ಸಾವಿರದಲ್ಲೊಂದು ಪಾಲು) ಕೆಲಸ ಮಾಡುತ್ತದೆ, ಹೋಲಿಸಿ ನೋಡಿ. ಅದೇ ಸಾರವನ್ನು ಮನುಷ್ಯರ ಜೀವಕೋಶದ ಮೇಲೂ ಹಾಕಬೇಕು. ಎಲ್ಲವನ್ನೂ ಕೊಲ್ಲುವ ವಸ್ತು ಮದ್ದಲ್ಲ, ವಿಷ. ಆಮೇಲೆ ಇಲಿಗಳಲ್ಲಿ ನಾಲ್ಕು ದಿನದ ಪರೀಕ್ಷೆ. ಬಹುತೇಕ ಗಿಡಗಳು ಇಲ್ಲೇ ಸೋಲುತ್ತವೆ. ತಟ್ಟೆಯಲ್ಲಿ ಗೆದ್ದದ್ದು ಹೊಟ್ಟೆಯಲ್ಲಿ ಕರಗದೇ ಹೋಗಬಹುದು.

ಇದರಲ್ಲಿ ಒಂದು ಕೊರತೆ ಇದೆ. ತಟ್ಟೆಯಲ್ಲಿ ಸತತವಾಗಿ ಬೆಳೆಯುವುದು ಫಾಲ್ಸಿಪಾರಮ್. ದಿನ ಬಿಟ್ಟು ದಿನ ಚಳಿ ತರುವ ಇನ್ನೊಂದು ಜಾತಿ, ವೈವಾಕ್ಸ್, ಹಾಗೆ ಬೆಳೆಯುವುದಿಲ್ಲ. ಅಜ್ಜನ ರೋಗಿಗಳಿಗೆ ಇದ್ದದ್ದು ಹೆಚ್ಚಾಗಿ ವೈವಾಕ್ಸ್ ಆಗಿದ್ದರೆ, ನಮ್ಮ ತಟ್ಟೆ ಅವರ ಕಷಾಯಕ್ಕೆ ಪೂರ್ತಿ ನ್ಯಾಯ ಕೊಡಲಾರದು.

ಚಿಂತಾಮಣಿ ವೈದ್ಯ
ನಾನು ಆಯುರ್ವೇದ ಓದಿ ಚಿಂತಾಮಣಿಯಲ್ಲಿ ಕ್ಲಿನಿಕ್ ಇಟ್ಟಿದ್ದೇನೆ. ಬಿಟ್ಟು ಬಿಟ್ಟು ಬರುವ ಈ ಜ್ವರವನ್ನು ನಮ್ಮ ಶಾಸ್ತ್ರ ವಿಷಮಜ್ವರ ಅನ್ನುತ್ತದೆ. ದಿನ ಬಿಟ್ಟು ದಿನ ಬರುವುದು ತೃತೀಯಕ. ಅಜ್ಜನ ಗಿಡಗಳು ಎಲ್ಲಿಂದಲೋ ಬಂದದ್ದಲ್ಲ. ಕೇಂದ್ರ ಸರ್ಕಾರದ ಆಯುರ್ವೇದ ಸಂಶೋಧನಾ ಪರಿಷತ್ತು ಮಲೇರಿಯಾಗೆಂದೇ ಆಯುಷ್-64 ಅನ್ನುವ ಔಷಧಿ ಮಾಡಿತು. ಅದರಲ್ಲಿ ಸಪ್ತಪರ್ಣಿ ತೊಗಟೆ, ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗದ ಬೀಜ ಇವೆ. ಸಪ್ತಪರ್ಣಿಯನ್ನೇ ಹಾಲೆ ಅನ್ನುತ್ತಾರೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಗೆ ಕುಡಿಯುವ ಪಾಲೆ ಕಷಾಯವೂ ಅದರದ್ದೇ. ಅಂದರೆ ಅಜ್ಜನ ಕಷಾಯ ಮತ್ತು ಆಯುಷ್-64 ಅಣ್ಣತಮ್ಮಂದಿರು.

ಆದರೆ ನಿಜ ಹೇಳಬೇಕು. ವೈವಾಕ್ಸ್ ರೋಗಿಗಳಲ್ಲಿ ಆಯುಷ್-64ನ್ನು ಮಲೇರಿಯಾದ ಮಾತ್ರೆ ಕ್ಲೋರೋಕ್ವಿನ್ ಜೊತೆ ಹೋಲಿಸಿ ನೋಡಿದ್ದಾರೆ. ಅದರ ವರದಿ 2000ದಲ್ಲಿ ಬಂತು. 28ನೇ ದಿನಕ್ಕೆ ಕ್ಲೋರೋಕ್ವಿನ್ ತೆಗೆದುಕೊಂಡವರೆಲ್ಲ ಗುಣವಾಗಿದ್ದರು. ಆಯುಷ್-64 ತೆಗೆದುಕೊಂಡವರಲ್ಲಿ ಅರ್ಧದಷ್ಟು ಮಂದಿ ಮಾತ್ರ. ನನಗೆ ಅದು ನೋವಿನ ಓದು. ಆದರೂ ಅವತ್ತಿಂದ ನಾನು ಚಳಿಜ್ವರ ಅಂತ ಬಂದವರಿಗೆ ಮೊದಲು ರಕ್ತಪರೀಕ್ಷೆ ಬರೆದುಕೊಡುತ್ತೇನೆ. ಅರ್ಧದಷ್ಟು ಅನ್ನುವುದು ಸೊನ್ನೆಯಲ್ಲ, ಅದರೊಳಗೆ ಹುಡುಕಬೇಕಾದದ್ದು ಇದೆ. ಆದರೆ ಬಾಗೇಪಲ್ಲಿಯ ಒಬ್ಬ ತಂದೆಗೆ ಅರ್ಧ ಸಾಕಾಗುವುದಿಲ್ಲ.

ಇನ್ನೊಂದು. ಗ್ರಂಧಿಗೆ ಅಂಗಡಿಯಲ್ಲಿ ಕಿರಾತಕಡ್ಡಿ ಕೇಳಿದರೆ ಎಷ್ಟೋ ಸಲ ನೆಲಬೇವು ಕೊಡುತ್ತಾರೆ. ನಿಜವಾದ ಕಿರಾತಕಡ್ಡಿ ಹಿಮಾಲಯದ ಗಿಡ. ಎರಡೂ ಕಹಿ, ಎರಡೂ ಒಣಕಡ್ಡಿ. ಪರೀಕ್ಷೆಗೆ ಹೋಗುವ ಮುಂಚೆ ಗಿಡ ಯಾವುದು ಅನ್ನುವುದೇ ತೀರ್ಮಾನವಾಗಬೇಕು.

ಕೋಲಾರದ ಕೆರೆ
ನನಗೆ ಒಂದು ಸಿಟ್ಟು ಇದೆ, ಹೇಳಿಬಿಡುತ್ತೇನೆ. ಕ್ವಿನೈನ್ ಬಂದದ್ದು ಗಿಡದಿಂದ. ಆರ್ಟೆಮಿಸಿನಿನ್ ಬಂದದ್ದು ಗಿಡದಿಂದ. ಎರಡೂ ಆಯಾ ನೆಲದ ಜನ ಹೇಳಿಕೊಟ್ಟದ್ದು. ಸಿಂಕೋನಾ ಮರ ಆಂಡಿಸ್ ಪರ್ವತದ್ದು. 1820ರಲ್ಲಿ ಫ್ರಾನ್ಸಿನಲ್ಲಿ ಅದರಿಂದ ಕ್ವಿನೈನ್ ತೆಗೆದರು. 1860ರ ದಶಕದಲ್ಲಿ ಬ್ರಿಟಿಷರು ನೀಲಗಿರಿಯಲ್ಲಿ ತೋಟ ಮಾಡಿದರು. ಮರ ತೋರಿಸಿದ ಜನಕ್ಕೆ ಏನು ಸಿಕ್ಕಿತು? ನಮ್ಮ ಅಜ್ಜಂದಿರ ಪುಸ್ತಕವನ್ನು ಲ್ಯಾಬ್‌ಗೆ ಕೊಟ್ಟರೆ ನಾಳೆ ಕಂಪನಿ ಹೆಸರಲ್ಲಿ ಮಾತ್ರೆ ಬರುತ್ತದೆ. ಇಲ್ಲವೇ "ಗುಣ ಇಲ್ಲ" ಅಂತ ಮುಚ್ಚಿಹಾಕುತ್ತಾರೆ.

ಪಾವಗಡ ಬಿಸಿಲು
ಕೋಲಾರದವರ ಸಿಟ್ಟು ಸುಳ್ಳಲ್ಲ. ಅದಕ್ಕೆ ದಾರಿ ಇದೆ, ಆಮೇಲೆ ಬರೆಯುತ್ತೇನೆ. ಮೊದಲು ಮೊಮ್ಮಗನಿಗೆ ಒಂದು ಪ್ರಶ್ನೆ.

ನಾನು ಆರೋಗ್ಯ ಇಲಾಖೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ನಿವೃತ್ತನಾದವನು. 30 ವರ್ಷ ಸ್ಲೈಡ್ ನೋಡಿದ್ದೇನೆ. ನಿಮ್ಮ ಅಜ್ಜ ಬರೆದ ವರ್ಷಗಳು ನನ್ನ ಎದೆ ತಟ್ಟಿದವು. ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣ ಶುರುವಾಗಿ, ಡಿಡಿಟಿ ಹೊಡೆದು ಹೊಡೆದು, 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ವರ್ಷಕ್ಕೆ ಒಂದು ಲಕ್ಷಕ್ಕೆ ಇಳಿದಿತ್ತು. ರೋಗ ಹೋಯಿತು ಅಂದುಕೊಂಡರು. 1976ರಲ್ಲಿ 64 ಲಕ್ಷ ದಾಟಿತು. ಅಜ್ಜನ ಪುಟಗಳು ತುಂಬಿದ್ದು ಆ ಅಲೆಯಲ್ಲಿ.

ಆ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮಲೇರಿಯಾ ಕೆಲಸಗಾರ ಮನೆಮನೆಗೆ ಬರುತ್ತಿದ್ದ. ಗೋಡೆ ಮೇಲೆ ತಾರೀಖು ಬರೆಯುತ್ತಿದ್ದ. ಜ್ವರ ಅಂದವರ ಬೆರಳು ಚುಚ್ಚಿ ರಕ್ತ ತೆಗೆದು, ಫಲಿತಾಂಶಕ್ಕೆ ಕಾಯದೆ ಕ್ಲೋರೋಕ್ವಿನ್ ಕೊಟ್ಟು ಹೋಗುತ್ತಿದ್ದ. ಅಂದರೆ ಅಜ್ಜನ ಕಷಾಯ ಕುಡಿದವರು ಅದೇ ವಾರ ಈ ಮಾತ್ರೆಯನ್ನೂ ನುಂಗಿರಬಹುದು. ಜ್ವರ ಬಿಟ್ಟದ್ದು ಯಾವುದರಿಂದ? ಪುಸ್ತಕದಲ್ಲಿ ಆ ಬಗ್ಗೆ ಏನಾದರೂ ಇದೆಯಾ?

ಇನ್ನೊಂದು ಮಾತು. ವೈವಾಕ್ಸ್ ಜ್ವರ ಮದ್ದಿಲ್ಲದೆಯೂ ಕೆಲವು ವಾರದಲ್ಲಿ ತಗ್ಗಬಹುದು. ಮೈ ಸೋತು ಹೋಗುತ್ತದೆ, ಹೊಟ್ಟೆಯ ಎಡಗಡೆ ಜ್ವರಗಡ್ಡೆ (ಊದಿಕೊಂಡ ಗುಲ್ಮ) ಬೆಳೆಯುತ್ತದೆ, ಆದರೆ ಚಳಿ ನಿಲ್ಲುತ್ತದೆ. ಪರಾವಲಂಬಿ ತೀರಾ ಕಡಿಮೆ ಸಂಖ್ಯೆಯಲ್ಲಿ ರಕ್ತದಲ್ಲೂ, ನಿದ್ದೆ ಮಾಡುತ್ತಾ ಪಿತ್ತಜನಕಾಂಗದಲ್ಲೂ ಉಳಿದಿರುತ್ತದೆ. ಕೆಲವು ತಿಂಗಳ ನಂತರ ಮತ್ತೆ ಎದ್ದು ಬರುತ್ತದೆ. ಅದಕ್ಕೇ ಕ್ಲೋರೋಕ್ವಿನ್ ಮೂರು ದಿನ ಆದಮೇಲೂ ಪ್ರೈಮಾಕ್ವಿನ್ 14 ದಿನ ನುಂಗಬೇಕು ಅನ್ನುವುದು.

ಸಿದ್ಧರಬೆಟ್ಟದ ಮೊಮ್ಮಗ
ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಋಣಿ. ಮಾತ್ರೆಯ ಬಗ್ಗೆ ಇವತ್ತು ರಾತ್ರಿ ಪುಟಪುಟ ನೋಡುತ್ತೇನೆ.

ಒಂದು ವಿಷಯ. ನಮ್ಮೂರಿನ ಒಬ್ಬರು ಈಶ್ವರಿ ಬೇರು ಕೆಟ್ಟದ್ದು ಅಂದರು. ಅದನ್ನು ಅಜ್ಜ ಹಾವು ಕಡಿತಕ್ಕೂ ಕೊಡುತ್ತಿದ್ದರು. ಇಡೀ ಊರು ಬಳಸಿದೆ. ಅದು ಕೆಟ್ಟದ್ದು ಅಂದರೆ ನಂಬುವುದು ಕಷ್ಟ.

ತಿಪಟೂರಿನವಳು
ನಿಮಗೆ ಬೇಸರ ಆಗುತ್ತದೆ ಅಂತ ಗೊತ್ತು. ಆದರೂ ಹೇಳಲೇಬೇಕು. ಈಶ್ವರಿ ಬಳ್ಳಿಯಲ್ಲಿ ಅರಿಸ್ಟೋಲೋಕಿಕ್ ಆಮ್ಲ ಇದೆ. ಅದು ಮೂತ್ರಪಿಂಡವನ್ನು ನಿಧಾನವಾಗಿ ಹಾಳು ಮಾಡುತ್ತದೆ. ಮೂತ್ರನಾಳದಲ್ಲಿ ಕ್ಯಾನ್ಸರ್ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ಇದೇ ಕುಲದ ಗಿಡ ಬೆರೆತ ತೂಕ ಇಳಿಸುವ ಮಾತ್ರೆ ತಿಂದ ಹೆಂಗಸರ ಮೂತ್ರಪಿಂಡಗಳು ಕೆಟ್ಟವು.

ಕೆಡುಕು ಕಾಣಿಸುವುದು ವರ್ಷಗಳ ಮೇಲೆ. ಕೊಟ್ಟವರಿಗೂ ಕುಡಿದವರಿಗೂ ಅದು ಕಷಾಯದಿಂದ ಅಂತ ತಿಳಿಯುವ ದಾರಿಯೇ ಇರಲಿಲ್ಲ. ಅಜ್ಜ ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಬೇರನ್ನು ಯಾರೂ ಮನೆಯಲ್ಲಿ ಪ್ರಯತ್ನಿಸಬೇಡಿ. ಅಳತೆ ಹಾಕದೇ ಇದ್ದದ್ದು ನೀವು ಮಾಡಿದ ತುಂಬಾ ಒಳ್ಳೆಯ ಕೆಲಸ.

ಮಾಲೂರು ರೈತ
ಹಾಗಾದರೆ ಈ ಆರ್ಟೆಮಿಸಿಯಾ ಗಿಡವನ್ನೇ ಹಿತ್ತಲಲ್ಲಿ ಹಾಕಿಕೊಂಡು ಟೀ ಮಾಡಿ ಕುಡಿದರೆ ಆಗಲ್ವಾ? ಬೀಜ ಸಿಗುತ್ತದಂತೆ. ಆಫ್ರಿಕಾದಲ್ಲಿ ಕುಡಿಯುತ್ತಾರಂತೆ.

ಚಿಂತಾಮಣಿ ವೈದ್ಯ
ಬೇಡಿ ಸ್ವಾಮಿ. ವಿಶ್ವ ಆರೋಗ್ಯ ಸಂಸ್ಥೆ ಈ ಟೀಯನ್ನು ಚಿಕಿತ್ಸೆಗೂ ತಡೆಗೂ ಒಪ್ಪಿಲ್ಲ. ಒಂದು ಲೋಟದಲ್ಲಿ ಎಷ್ಟು ಮದ್ದು ಇಳಿಯುತ್ತದೆ ಅನ್ನುವುದು ಗಿಡದಿಂದ ಗಿಡಕ್ಕೆ ಬೇರೆ. ಸಾಮಾನ್ಯವಾಗಿ ಸಾಕಾಗುವುದಿಲ್ಲ. ಪರಾವಲಂಬಿ ಅರ್ಧ ಸತ್ತು ಅರ್ಧ ಉಳಿದರೆ, ಉಳಿದದ್ದು ಮದ್ದಿಗೆ ಬಗ್ಗದ ತಳಿ ಆಗಬಹುದು. ಆಗ ಆಸ್ಪತ್ರೆಯ ಮಾತ್ರೆಯೂ ಕೈಕೊಡುತ್ತದೆ. ಹಾಗಾಗಬಾರದು ಅಂತಲೇ ಆಸ್ಪತ್ರೆಯಲ್ಲಿ ಆರ್ಟೆಮಿಸಿನಿನ್ ಜಾತಿಯ ಮದ್ದನ್ನು ಇನ್ನೊಂದು ಮದ್ದಿನ ಜೊತೆ ಸೇರಿಸಿಯೇ ಕೊಡುವುದು.

ಕೋಲಾರದ ಕೆರೆ
ರೈತರಿಗೆ ನನ್ನದೊಂದು ಸಲಹೆ. ಗಿಡಕ್ಕಿಂತ ಮೀನು ಸಾಕಿ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಸೊಳ್ಳೆ ಮರಿ ತಿನ್ನಿಸಿದ ಕೆಲಸ ಮಲೇರಿಯಾ ಸಂಶೋಧಕರೇ ಮಾಡಿ ತೋರಿಸಿದ್ದು. ನಮ್ಮ ಬಾವಿಯಲ್ಲಿ ಈಗಲೂ ಇವೆ. ಯಾರಿಗಾದರೂ ಬೇಕಾದರೆ ಬಿಂದಿಗೆ ತನ್ನಿ.

ಬಾಗೇಪಲ್ಲಿ ಹುಡುಗ
ಅಪ್ಪನಿಗೆ ವೈವಾಕ್ಸ್ ಬಂದಿದೆ. ಕಿಟ್‌ನಲ್ಲೂ ಬಂತು, ಸ್ಲೈಡ್‌ನಲ್ಲೂ ಬಂತು. ಮಾತ್ರೆ ಶುರುವಾಗಿದೆ. 14 ದಿನದ್ದೂ ಕೊಟ್ಟಿದ್ದಾರೆ. ಅದಕ್ಕೆ ಮುಂಚೆ ಮನೆಯಲ್ಲಿ ಯಾರಿಗಾದರೂ ರಕ್ತ ಒಡೆಯುವ ತೊಂದರೆ ಇದೆಯಾ ಅಂತ ಕೇಳಿದರು. ಮೂತ್ರ ಕಡುಬಣ್ಣ ಆದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಅಂದರು. ನಿನ್ನೆ ಚಳಿ ಬರಬೇಕಿದ್ದ ದಿನ. ಬರಲಿಲ್ಲ. ಅಪ್ಪ ಮುದ್ದೆ ಉಂಡರು. ಗೌರಿಬಿದನೂರಿನ ಅಕ್ಕನಿಗೆ ಕೈಮುಗಿದೆ.

ಗೌರಿಬಿದನೂರು ಆಶಾ
ಬಹಳ ಸಂತೋಷ ತಮ್ಮಾ. ಚಳಿ ನಿಂತಿತು ಅಂತ ಮಾತ್ರೆ ಬಿಡಿಸಬೇಡ. ಎಲ್ಲರೂ ನಾಲ್ಕನೇ ದಿನಕ್ಕೆ ಬಿಡುತ್ತಾರೆ. ಹದಿನಾಲ್ಕೂ ಎಣಿಸಿ ನುಂಗಿಸು.

ಸಿದ್ಧರಬೆಟ್ಟದ ಮೊಮ್ಮಗ
ಪುಸ್ತಕ ಪೂರ್ತಿ ಓದಿ ಮುಗಿಸಿದೆ. ಚಳಿಜ್ವರ ಅಂತ ಬರೆದ ಹೆಸರುಗಳು 112. ಅದರಲ್ಲಿ 19 ಹೆಸರಿನ ಪಕ್ಕ "ಬಿಳಿ ಮಾತ್ರೆ ನುಂಗಿದ್ದಾನೆ" ಅಂತ ಇದೆ. ಪಾವಗಡದ ಸರ್ ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಅಜ್ಜನಿಗೆ ಅದು ಗೊತ್ತಿತ್ತು, ಬೇರೆ ಮಾಡಿ ಬರೆದಿದ್ದಾರೆ.

ಇನ್ನೂ ಒಂದಿದೆ. 31 ಹೆಸರಿನ ಮುಂದೆ, ಬೇರೆ ಶಾಯಿಯಲ್ಲಿ, "ಮತ್ತೆ ಬಂತು" ಅಂತ ಬರೆದಿದ್ದಾರೆ. ಕೆಲವಕ್ಕೆ ಎಂಟು ತಿಂಗಳ ಮೇಲೆ, ಮುಂದಿನ ಮುಂಗಾರಿಗೆ. ಒಂದು ಕಡೆ ಒಬ್ಬ ಬಸುರಿ ಹೆಂಗಸಿನ ಹೆಸರಿದೆ. "ಮತ್ತೆ ಬಂತು. ಆಸ್ಪತ್ರೆಗೆ ಕಳಿಸಿದೆ" ಅಂತ ಇದೆ. ಅದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ. ಬೇರೆ ಯಾವ ಪುಟದಲ್ಲೂ ಖಾಲಿ ಬಿಟ್ಟಿಲ್ಲ.

ಸೋತದ್ದನ್ನೂ ಬರೆದಿಟ್ಟಿದ್ದಾರಲ್ಲ ಅಂತ ಓದುತ್ತಾ ಕಣ್ಣು ತುಂಬಿತು.

ಪಾವಗಡ ಬಿಸಿಲು
ಮಗೂ, ಆ ಬೇರೆ ಶಾಯಿಯ ಬರಹ ಚಿನ್ನ. ಎಂಟು ತಿಂಗಳ ಮೇಲೆ ಮರಳಿದ್ದು ಪಿತ್ತಜನಕಾಂಗದಲ್ಲಿ ಮಲಗಿದ್ದ ವೈವಾಕ್ಸ್ ಎದ್ದದ್ದು ಇರಬಹುದು. ಹೊಸದಾಗಿ ಸೊಳ್ಳೆ ಕಡಿದದ್ದೂ ಇರಬಹುದು. ಏನೇ ಆಗಲಿ, ಗುಣವಾದವರನ್ನು ಮಾತ್ರ ಬರೆಯುವ ಪುಸ್ತಕಗಳನ್ನೇ ನಾನು ನೋಡಿದ್ದೆ. ಇಲಾಖೆಯವರೂ ಹಾಗೇ ಬರೆದದ್ದನ್ನು ಕಂಡಿದ್ದೇನೆ.

ಇನ್ನು ಕೋಲಾರದವರಿಗೆ ಕೊಟ್ಟ ಮಾತು. 2002ರ ಜೀವವೈವಿಧ್ಯ ಕಾಯ್ದೆ ಬಂದಮೇಲೆ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮೂಲಿಕೆ ತಿಳಿವಳಿಕೆಯನ್ನು ಅದರ ದಾಖಲೆ ಪುಸ್ತಕಕ್ಕೆ ಸೇರಿಸಬೇಕು. ಲ್ಯಾಬ್‌ಗೆ ಕೊಡುವ ಮುಂಚೆ ಅಲ್ಲಿ ಅಜ್ಜನ ಹೆಸರು, ಊರಿನ ಹೆಸರು ಬರೆಸಿ. ಕೇರಳದ ಕಾಣಿ ಬುಡಕಟ್ಟಿನವರು ತೋರಿಸಿದ ಆರೋಗ್ಯಪಚ್ಚ ಗಿಡದಿಂದ ಜೀವನಿ ಅನ್ನುವ ಔಷಧಿ ಮಾಡಿದಾಗ, ಬಂದ ಹಣದಲ್ಲಿ ಅವರಿಗೂ ಪಾಲು ಕೊಟ್ಟರು. ಎಲ್ಲ ಸರಿಯಾಗಿ ನಡೆಯಿತು ಅನ್ನುವುದಿಲ್ಲ. ಆದರೆ ಪಾಲು ಕೇಳಬಹುದು ಅನ್ನುವುದು ನಿಂತಿತು.

ತಿಪಟೂರಿನವಳು
ಮೊಮ್ಮಗ ಅವರೇ, ಅಜ್ಜನ ದಾರಿಯಲ್ಲೇ ನಡೆದ ಒಂದು ಕೆಲಸ ಇದೆ. ಆಫ್ರಿಕಾದ ಮಾಲಿ ದೇಶದಲ್ಲಿ ಸಂಶೋಧಕರು ಲ್ಯಾಬ್‌ನಿಂದ ಶುರು ಮಾಡಲಿಲ್ಲ. ಹಳ್ಳಿಗಳಿಗೆ ಹೋಗಿ, ಮಲೇರಿಯಾ ಬಂದಾಗ ಏನು ಕುಡಿದಿರಿ, ಏನಾಯಿತು ಅಂತ ಕೇಳಿದರು. ಗುಣವಾದವರೂ ಆಗದವರೂ ಎರಡನ್ನೂ ಬರೆದರು. ಅದರಲ್ಲಿ ಒಂದು ಗಿಡ ಎದ್ದು ಕಂಡಿತು. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಮುಳ್ಳಿನ ದತ್ತೂರಿ. ಹಳದಿ ಹೂವು, ಮುರಿದರೆ ಹಳದಿ ಹಾಲು. ಉಮ್ಮತ್ತಿ ಅಲ್ಲ, ಅದು ಬೇರೆ. ಆಮೇಲೆ ಅಳತೆ ಹುಡುಕಿ, 301 ರೋಗಿಗಳಲ್ಲಿ ಆರ್ಟೆಮಿಸಿನಿನ್ ಜೋಡಿ ಮದ್ದಿನ ಜೊತೆ ಹೋಲಿಸಿದರು. ಕಷಾಯ ಕುಡಿದವರಲ್ಲಿ 89%, ಮಾತ್ರೆ ನುಂಗಿದವರಲ್ಲಿ 95% ಮಂದಿಗೆ ಎರಡನೇ ಮದ್ದು ಬೇಕಾಗಲಿಲ್ಲ. ಆದರೆ ಕಷಾಯ ರಕ್ತದಿಂದ ಪರಾವಲಂಬಿಯನ್ನು ಪೂರ್ತಿ ತೆಗೆಯುವುದಿಲ್ಲ ಅಂತ ಅವರೇ ಬರೆದರು.

ದಯವಿಟ್ಟು ಯಾರೂ ಹೊಲಕ್ಕೆ ಓಡಬೇಡಿ. ಇದೇ ಗಿಡದ ಬೀಜದ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು.

ನಿಮ್ಮ ಕೆಲಸ ಈಗ ಚಿಕ್ಕದು. ಪುಸ್ತಕದ ಪ್ರತಿ ಪುಟದ ಫೋಟೊ ತೆಗೆಯಿರಿ. ರೋಗಿಗಳ ಹೆಸರು ಮರೆಮಾಡಿ. ಪ್ರತಿ ಗಿಡದ್ದೂ ಒಂದು ರೆಂಬೆಯನ್ನು ಹೂವು ಅಥವಾ ಕಾಯಿ ಸಮೇತ ನ್ಯೂಸ್‌ಪೇಪರ್ ನಡುವೆ ಒತ್ತಿ ಒಣಗಿಸಿ. ದೇವರಾಯನದುರ್ಗದಲ್ಲಿ ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶವೇ ಇದೆ. ಗಿಡ ಗುರುತಿಸುವವರು ನಿಮ್ಮ ಸುತ್ತಲೇ ಸಿಗುತ್ತಾರೆ. ಅಜ್ಜ ಕಿತ್ತ ಜಾಗದಿಂದಲೇ ತರುವುದು ಮುಖ್ಯ.

ಸಿದ್ಧರಬೆಟ್ಟದ ಮೊಮ್ಮಗ
ನಿನ್ನೆ ಬೆಟ್ಟಕ್ಕೆ ಹೋಗಿದ್ದೆ. ಜೊತೆಗೆ ನಮ್ಮ ದೊಡ್ಡಮ್ಮ ಬಂದಿದ್ದರು. ಅವರಿಗೆ 78 ವರ್ಷ. ಚಿಕ್ಕವರಿದ್ದಾಗ ಅಜ್ಜನ ಜೊತೆ ಗಿಡ ಕೀಳಲು ಹೋಗುತ್ತಿದ್ದರು. ನೆಲಬೇವು ಸಿಕ್ಕಿತು. ಅಮೃತಬಳ್ಳಿ ಸಿಕ್ಕಿತು. ಹಾಲೆ ಮರ ತೋರಿಸು ದೊಡ್ಡಮ್ಮ ಅಂದೆ. ದೊಣೆಯ ಪಕ್ಕದ ಒಂದು ಮರದ ಹತ್ತಿರ ಕರೆದುಕೊಂಡು ಹೋದರು. ತೊಗಟೆ ಕಿತ್ತ ಹಳೇ ಗಾಯದ ಗುರುತು ಇನ್ನೂ ಇದೆ. ಅದರ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು.

ಆದರೆ ಎಲೆ ನೋಡಿದರೆ ಏಳು ಒಟ್ಟಿಗೆ ಇಲ್ಲ. ಎರಡೆರಡು ಎದುರುಬದುರು. ಕಾಯಿ ಉದ್ದಕ್ಕೆ ಜೋಡಿಯಾಗಿ ನೇತಾಡುತ್ತವೆ, ತುದಿಯಲ್ಲಿ ಎರಡೂ ಕೂಡಿಕೊಂಡಿವೆ. ಮುರಿದರೆ ಬಿಳಿ ಹಾಲು. ಇದು ಸಪ್ತಪರ್ಣಿಯಾ?

ಚಿಂತಾಮಣಿ ವೈದ್ಯ
ಅಲ್ಲ. ಅದು ಬೆಪ್ಪಾಲೆ. ಚನ್ನಪಟ್ಟಣದ ಗೊಂಬೆ ಮಾಡುವ ಮರ. ಬಯಲುಸೀಮೆಯಲ್ಲಿ ಅದನ್ನೂ ಹಾಲೆ ಅನ್ನುತ್ತಾರೆ, ನನಗೆ ಹೊಳೆಯಲೇ ಇಲ್ಲ. ಆಯುಷ್-64ರ ಅಣ್ಣತಮ್ಮ ಅಂತ ನಾನು ಬರೆದದ್ದು ತಪ್ಪಾಯಿತು. ಕ್ಷಮಿಸಿ. ನಿಮ್ಮ ಅಜ್ಜನ ಕಷಾಯ ಬೇರೆಯದೇ.

ತಿಪಟೂರಿನವಳು
ಆ ಜೋಡಿ ಕಾಯಿ ಬಿಡಿಸಬೇಡಿ. ಹಾಗೇ ಒತ್ತಿ. ತೊಗಟೆ ಒಂದು ಅಂಗೈ ಅಗಲ ಸಾಕು, ಹಳೇ ಗಾಯದ ಎದುರು ಬದಿಯಿಂದ ತೆಗೆಯಿರಿ. ಮುಂದಿನ ಭಾನುವಾರ ನಾನು ತುಮಕೂರಿಗೆ ಬರುತ್ತಿದ್ದೇನೆ. ಬಸ್‌ಸ್ಟ್ಯಾಂಡ್ ಹತ್ತಿರ ಸಿಗೋಣ. ಸಾಧ್ಯವಾದರೆ ದೊಡ್ಡಮ್ಮನನ್ನೂ ಕರೆದುಕೊಂಡು ಬನ್ನಿ. ತೊಗಟೆಯನ್ನು ಯಾವ ತಿಂಗಳಲ್ಲಿ ಕೀಳುತ್ತಿದ್ದರು ಅಂತ ಅವರನ್ನೇ ಕೇಳಬೇಕು.